ಕೇಶರಂಜನ ವಿಭಾಗ: ಮಂಜೇಶ್ವರದ ಮದರಂಗಿ ಪ್ರಕರಣ

ಯಾವ ಶಾಸ್ತ್ರವನ್ನು ಶುರು ಮಾಡುವ ಮೊದಲೂ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ಹೇಳಿಬಿಡಬೇಕೆಂದು ಹಿರಿಯರ ಕಟ್ಟಳೆ. ವಿಷಯ, ಮದರಂಗಿ ಪುಡಿ. ಪ್ರಯೋಜನ, ತಲೆಗೂದಲಿನ ಬಣ್ಣ ಮತ್ತು ನುಣುಪು. ಸಂಬಂಧ, ಪುಡಿಗೂ ಕೂದಲಿಗೂ ಮಧ್ಯೆ ಇರುವ ಅಂಟಿನ ನಂಟು. ಅಧಿಕಾರಿ ಯಾರೆಂದರೆ, ಕನ್ನಡಿಯ ಮುಂದೆ ನಿಂತು ಒಂದು ಬಿಳಿ ಕೂದಲನ್ನು ಕಿತ್ತು ಬಿಸಾಡಿ, ಅದರ ಪಕ್ಕದಲ್ಲಿಯೇ ಇನ್ನೆರಡನ್ನು ಕಂಡವರು. ಬಿಳಿ ಕೂದಲು ಇನ್ನೂ ಬಾರದವರಿಗೆ ಓದಲು ನಿಷೇಧವಿಲ್ಲ. ಫಲ ಮಾತ್ರ ಸ್ವಲ್ಪ ತಡವಾಗಿ ಸಿಕ್ಕೀತು.

ಇದಕ್ಕೆ ಮಂಜೇಶ್ವರವೇ ಏಕಾಗಬೇಕು ಎಂದು ಪೂರ್ವಪಕ್ಷದವರು ಕೇಳುವುದು ಸಹಜ. ತಲಪಾಡಿ ದಾಟಿ ಕಾಸರಗೋಡಿನತ್ತ ಹೋಗುವ ಬಸ್ಸಿನಲ್ಲಿ ಕನ್ನಡ, ತುಳು, ಮಲಯಾಳ, ಕೊಂಕಣಿ, ಬ್ಯಾರಿ, ಮರಾಠಿ, ಉರ್ದು ಎಲ್ಲವೂ ಕೇಳಿಸುತ್ತವೆ. ಹಿಂದಿನ ಸೀಟಿನಲ್ಲಿ ಕುಳಿತು ಮುಂದಿನ ತಲೆಗಳನ್ನು ನೋಡಿದರೆ ಕಪ್ಪು, ಕಂದು, ತಾಮ್ರ, ಕಿತ್ತಳೆ, ಬೂದಿ, ಬೆಳ್ಳಿ ಮತ್ತು ಹೆಸರಿಡಲಾಗದ ಇನ್ನೊಂದು ಬಣ್ಣ ಕಾಣಿಸುತ್ತದೆ. ಏಳಕ್ಕೆ ಏಳು ಸರಿಹೋಯಿತಲ್ಲ, ಭಾಷೆಗೊಂದು ಬಣ್ಣ ಎಂದು ಬರೆದು ಮುಗಿಸೋಣ ಎಂಬ ಆಸೆ ಯಾವ ಶಾಸ್ತ್ರಕಾರನಿಗಾದರೂ ಹುಟ್ಟಬೇಕಾದದ್ದೇ. ಆದರೆ ಹೊಸಂಗಡಿ ಸ್ಟಾಪಿನಲ್ಲಿ ನಾಲ್ಕು ಜನ ಇಳಿದು ನಾಲ್ಕು ಜನ ಹತ್ತಿದ ಕೂಡಲೇ ಆ ಸಿದ್ಧಾಂತ ಬಿದ್ದುಹೋಗುತ್ತದೆ. ಭಾಷೆ, ಜಾತಿ, ಮತ ಯಾವ ಗೆರೆ ಎಳೆದರೂ ಕೂದಲು ಅದನ್ನು ದಾಟಿಯೇ ದಾಟುತ್ತದೆ. ಮೇಲಾಗಿ ಈ ಊರಿನಲ್ಲಿ ಸಡಿಲ ಪಾಂಡಿತ್ಯ ನಡೆಯುವುದಿಲ್ಲ. ಗೋವಿಂದ ಪೈಗಳು (1883–1963) ಶಾಸನಗಳ ತಿಥಿ, ವಾರಗಳನ್ನು ತಾಳೆ ಹಾಕಿ ರಾಜರ ಕಾಲವನ್ನು ನಿಷ್ಕರ್ಷಿಸಿದ್ದು ಇದೇ ನೆಲದಲ್ಲಿ ಕುಳಿತು. ಆದ್ದರಿಂದ ಮೊದಲು ಲಕ್ಷಣ, ಆಮೇಲೆ ವಿಭಾಗ.

'ಕೂದಲಿಗೆ ಬಣ್ಣ ಕೊಡುವ ಹಸಿರು ಪುಡಿಯೇ ಮದರಂಗಿ' ಎಂಬುದು ಪೇಟೆಯ ಮತ. ಇದರಲ್ಲಿ ಅತಿವ್ಯಾಪ್ತಿ ದೋಷವಿದೆ. ನೀಲಿ ಗಿಡದ ಎಲೆಯ ಪುಡಿಯೂ ಹಸಿರೇ, ಅದೂ ಬಣ್ಣ ಕೊಡುತ್ತದೆ, ಅದು ಮದರಂಗಿಯಲ್ಲ. 'ಪ್ಯಾಕೆಟಿನಲ್ಲಿ ಬರುವುದೇ ಮದರಂಗಿ' ಎಂದರೆ ಅವ್ಯಾಪ್ತಿ. ಬೇಲಿಯ ಗಿಡದಿಂದ ಎಲೆ ಕೊಯ್ದು ಕಡೆಯುವ ಕಲ್ಲಿನಲ್ಲಿ ಅರೆದ ಅಜ್ಜಿಯ ಮುದ್ದೆ ಲಕ್ಷಣದಿಂದ ಹೊರಗೆ ಬೀಳುತ್ತದೆ. 'ಬಿಳಿ ಕೂದಲನ್ನು ಕಪ್ಪು ಮಾಡುವುದೇ ಮದರಂಗಿ' ಎಂದರೆ ಶುದ್ಧ ಅಸಂಭವ. ಒಂದೇ ಗೊರಸುಳ್ಳದ್ದು ಹಸು ಎಂದು ತರ್ಕಪಾಠದಲ್ಲಿ ಕೊಡುವ ಉದಾಹರಣೆಯ ಪಕ್ಕದಲ್ಲಿಯೇ ಇದನ್ನೂ ಸೇರಿಸಬಹುದು. ಏಕೆಂದರೆ ಲಕ್ಷ್ಯದ ಯಾವ ಒಂದು ತಲೆಯಲ್ಲಿಯೂ ಇದು ಸಂಭವಿಸಿಲ್ಲ. ಹಾಗಾದರೆ ಸಿದ್ಧಾಂತ ಹೀಗೆ: ಲಾಸೋನ್ ಎಂಬ ಕೆಂಪುಗಿತ್ತಳೆ ವರ್ಣದ್ರವ್ಯವನ್ನು ಒಡಲಲ್ಲಿಟ್ಟುಕೊಂಡ ಗಿಡವೊಂದರ ಎಲೆ, ಹಸಿಯಾಗಿರಲಿ ಒಣಗಿರಲಿ, ಬೇರೇನೂ ಬೆರೆಯದೆ ಇದ್ದರೆ ಅದು ಮದರಂಗಿ. ಅದಕ್ಕೆ ಇರುವುದು ಒಂದೇ ಬಣ್ಣ. ಮುಂದೆ ಬರುವ ಜಗಳಗಳೆಲ್ಲ ಇಷ್ಟನ್ನು ಮರೆತದ್ದರಿಂದ ಹುಟ್ಟಿದವು.

ಗಿಡದ ವಿಚಾರದಲ್ಲಿ ನಮಗಿಂತ ಮೊದಲೇ ವರ್ಗೀಕರಣಕ್ಕೆ ಕೈ ಹಾಕಿದವರಿದ್ದಾರೆ. ಕೊಚ್ಚಿಯ ಡಚ್ಚರ ಕಾಲದಲ್ಲಿ ಸಿದ್ಧವಾಗಿ 1678ರಿಂದ 1693ರವರೆಗೆ ಹನ್ನೆರಡು ಸಂಪುಟಗಳಲ್ಲಿ ಹೊರಬಂದ 'ಹೋರ್ಟಸ್ ಮಲಬಾರಿಕಸ್' ಎಂಬ ಸಸ್ಯಕೋಶದಲ್ಲಿ ಇದು ಮೈಲಾಂಜಿ ಎಂಬ ಮಲಯಾಳ ಹೆಸರಿನಿಂದಲೇ ಚಿತ್ರಸಹಿತ ಇದೆ. ಅನಂತರ 1753ರಲ್ಲಿ ಸ್ವೀಡನ್ನಿನ ಲಿನೇಯಸ್, ಜಗತ್ತಿನ ವರ್ಗೀಕರಣಕಾರರಿಗೆಲ್ಲ ಮೂಲಪುರುಷ, ಇದನ್ನು ಐಸಾಕ್ ಲಾಸನ್ ಎಂಬ ಸ್ಕಾಟ್ಲೆಂಡಿನ ವೈದ್ಯ ಮಿತ್ರನ ಹೆಸರಿನಲ್ಲಿ ಲಾಸೋನಿಯ ಎಂದು ಕರೆದ. ಲಿನೇಯಸನ ಮೊದಲ ಪುಸ್ತಕ ಅಚ್ಚಾಗುವುದಕ್ಕೆ ದುಡ್ಡು ಕೊಟ್ಟವರಲ್ಲಿ ಲಾಸನ್ ಒಬ್ಬ. ಪ್ರತಿಯಾಗಿ ಸಿಕ್ಕಿದ್ದು ಒಂದು ಕುಲನಾಮ. ಈಗಿನ ಕಾಲದಲ್ಲಿ ಪುಸ್ತಕಕ್ಕೆ ದುಡ್ಡು ಕೊಟ್ಟವರಿಗೆ ಮುನ್ನುಡಿಯಲ್ಲಿ ಒಂದು ಕೃತಜ್ಞತೆ ಸಿಕ್ಕಿದರೆ ಪುಣ್ಯ.

ಆದರೆ ಆ ಮೂಲಪುರುಷನೇ ಇಲ್ಲಿ ಎಡವಿದ. ಮುಳ್ಳಿಲ್ಲದ ಗಿಡ ಒಂದು ಜಾತಿ, ಮುಳ್ಳಿರುವುದು ಇನ್ನೊಂದು ಜಾತಿ ಎಂದು ಎರಡು ಮಾಡಿ ಎರಡಕ್ಕೂ ಹೆಸರಿಟ್ಟ. ನಮ್ಮ ಬೇಲಿಯನ್ನು ನಾಲ್ಕು ವರ್ಷ ನೋಡಿದ್ದರೆ ಅವನಿಗೆ ತಿಳಿಯುತ್ತಿತ್ತು: ಎಳೆಯ ಗಿಡಕ್ಕೆ ಮುಳ್ಳಿಲ್ಲ, ಹಳೆಯದಾದಂತೆ ಗೆಲ್ಲಿನ ತುದಿಗಳು ಮೊನಚಾಗಿ ಮುಳ್ಳಾಗುತ್ತವೆ. ಗಿಡ ಒಂದೇ, ವಯಸ್ಸು ಬೇರೆ. ಮುಂದಿನ ಸಸ್ಯಶಾಸ್ತ್ರಿಗಳು ಎರಡನ್ನೂ ಸೇರಿಸಿ ಒಂದೇ ಹೆಸರಿಗೆ ತಂದರು. ಉಳಿದದ್ದು ಮುಳ್ಳಿಲ್ಲದ ಎಂಬ ಅರ್ಥದ ಹೆಸರೇ. ಹರೆಯದವರನ್ನೂ ವಯಸ್ಸಾದವರನ್ನೂ ಎರಡು ಜಾತಿಯೆಂದು ತಿಳಿಯುವ ಭ್ರಾಂತಿ ಲಿನೇಯಸನಿಂದ ಹೊಸಂಗಡಿಯ ಕ್ಷೌರದಂಗಡಿಯ ಕನ್ನಡಿಯವರೆಗೆ ಅವಿಚ್ಛಿನ್ನವಾಗಿ ನಡೆದುಬಂದಿದೆ ಎಂದಷ್ಟೇ ಇಲ್ಲಿ ಟಿಪ್ಪಣಿ.

ಇನ್ನು ವಿಭಾಗ. ಎಲೆಯ ಮೂಲವನ್ನು ಹಿಡಿದರೆ ಎರಡು ಬಗೆ, ಬೇಲಿಯದ್ದು ಮತ್ತು ಮರುಭೂಮಿಯದ್ದು. ವರ್ಷಕ್ಕೆ 3,000 ಮಿಲಿಮೀಟರ್ ದಾಟುವ ಮಳೆಯಲ್ಲಿ ನೆನೆದು ಬೆಳೆದ ನಮ್ಮ ಬೇಲಿಯ ಎಲೆ ನೋಡಲು ಸೊಂಪು, ಬಣ್ಣದಲ್ಲಿ ಜಿಪುಣ. ಬಿಸಿಲು, ಬರಗಾಲ ಕಂಡ ಎಲೆಯಲ್ಲಿ ಬಣ್ಣ ಹೆಚ್ಚು. ಅದಕ್ಕೇ ರಾಜಸ್ಥಾನದ ಪಾಲಿ ಜಿಲ್ಲೆಯ ಸೋಜತ್ ಊರಿನ ಮೆಹಂದಿಗೆ ಇಷ್ಟು ಹೆಸರು; 2021ರಲ್ಲಿ ಅದಕ್ಕೆ ಭೌಗೋಳಿಕ ಸೂಚಕವೂ ಸಿಕ್ಕಿತು. ಮಂಗಳೂರಿನ ಬಂದರು ಪೇಟೆಯ ಗ್ರಂಥಿಗೆ ಅಂಗಡಿಗಳಲ್ಲಿ ತೂಕ ಮಾಡಿ ಕೊಡುವ ಪುಡಿಯನ್ನು ಒಳ್ಳೆಯದೆನ್ನಬೇಕಾದರೆ ಅಂಗಡಿಯವರು ಸೋಜತ್ತಿನ ಹೆಸರು ಹೇಳಿಯೇ ಹೇಳುತ್ತಾರೆ. ಗಲ್ಫಿನಿಂದ ಊರಿಗೆ ಬರುವವರ ಪೆಟ್ಟಿಗೆಯಲ್ಲಿ ಬರುವ ಪುಡಿಗೆ ಮರ್ಯಾದೆ ಇನ್ನೂ ಒಂದು ಮಟ್ಟ ಮೇಲು; ರಾಜಸ್ಥಾನದಿಂದ ದುಬೈಗೆ ಹೋಗಿ ಅಲ್ಲಿಂದ ಉಪ್ಪಳಕ್ಕೆ ಬಂದದ್ದಾದರೂ ಸರಿ, ವಿಮಾನ ಹತ್ತಿದ ಮದರಂಗಿ ಹೆಚ್ಚು ಹಿಡಿಯುತ್ತದೆಂದು ನಂಬಿಕೆ. ಪ್ಯಾಕೆಟಿನ ಹಿಂದೆ ಬಳಸುವ ಕ್ರಮ ಇಂಗ್ಲಿಷಿನಲ್ಲಿ, ಹಿಂದಿಯಲ್ಲಿ, ಅರಬ್ಬಿಯಲ್ಲಿ, ಕೆಲವೊಮ್ಮೆ ಮಲಯಾಳದಲ್ಲಿ ಇರುತ್ತದೆ. ಕನ್ನಡದಲ್ಲಿ ಇರುವುದು ಅಪರೂಪ. ಕೇರಳಕ್ಕೆ ಸೇರಿದ 1956ರ ನವೆಂಬರ್ 1ರಿಂದ ನಮಗೆ ಇದು ಅಭ್ಯಾಸವಾಗಿದೆ.

ಕಲಸುವವರ ವಿಭಾಗವೇ ಈ ಪ್ರಕರಣದ ಹೃದಯ. ಇಲ್ಲಿ ಮನೆಗೊಂದು ಸಂಪ್ರದಾಯ, ಸಂಪ್ರದಾಯಕ್ಕೊಂದು ಹಟ. ಮೊದಲನೆಯದು ಲಿಂಬೆಹುಳಿಯವರದು. ಎಲೆಯಲ್ಲಿ ವರ್ಣದ್ರವ್ಯ ಬಿಡಿಯಾಗಿ ಇರುವುದಿಲ್ಲ, ಸಕ್ಕರೆಯ ಅಣುವಿಗೆ ಕಟ್ಟಿಕೊಂಡಿರುತ್ತದೆ. ನೀರು ತಾಗಿದಾಗ ಆ ಕಟ್ಟು ಬಿಚ್ಚುತ್ತದೆ. ಸ್ವಲ್ಪ ಹುಳಿ ಇದ್ದರೆ ಬಿಚ್ಚಿ ಬಂದ ಬಣ್ಣ ಕೆಡದೆ ನಿಲ್ಲುತ್ತದೆ, ಕೂದಲಿನ ಪ್ರೋಟೀನಾದ ಕೆರಟಿನ್ನಿಗೆ ಹೋಗಿ ಕಚ್ಚಿಕೊಳ್ಳುತ್ತದೆ. ರಾತ್ರಿ ಕಲಸಿ ಮುಚ್ಚಿಟ್ಟು ಬೆಳಿಗ್ಗೆ ಹಚ್ಚುವ ಕ್ರಮಕ್ಕೆ ಇದೇ ಕಾರಣ. ಆದ್ದರಿಂದ ಇವರ ಪಕ್ಷ ಸಾಧು. ಆದರೆ ಹುಳಿ ಹೆಚ್ಚಾದರೆ ಕೂದಲು ಒಣಗಿ ಸಿಬಿರಾಗುತ್ತದೆಂಬುದನ್ನು ಇವರು ಒಪ್ಪುವುದಿಲ್ಲ.

ಎರಡನೆಯದು ಮೊಸರು ಮತ್ತು ಮೊಟ್ಟೆಯವರ ಉಭಯ ಶಾಖೆ. ಸಸ್ಯಾಹಾರಿಗಳು ಮೊಸರಿನವರು, ಉಳಿದವರು ಮೊಟ್ಟೆಯವರು. ಒಳಗೊಳಗೆ ಶಾಖಾಂತರವೂ ನಡೆಯುತ್ತದೆ, ತಲೆಗೆ ಹಾಕಿದರೆ ತಿಂದ ಹಾಗಲ್ಲ ಎಂಬ ವ್ಯವಸ್ಥೆಯಿಂದ. ಎರಡರ ಫಲವೂ ಒಂದೇ. ಬಣ್ಣ ಪ್ರೋಟೀನಿಗೆ ಅಂಟುವಂಥದು. ಪಾತ್ರೆಯಲ್ಲಿಯೇ ಪ್ರೋಟೀನು ಸಿಕ್ಕಿದರೆ ತಲೆಯವರೆಗೆ ಬರುವ ಕಷ್ಟ ಯಾಕೆ? ಮುಕ್ಕಾಲು ಬಣ್ಣ ಮೊಸರಿಗೇ ಹಿಡಿಯುತ್ತದೆ. ಹಾಗೆಂದು ಇವರನ್ನು ತಳ್ಳಿಹಾಕಲೂ ಬಾರದು. ಬಣ್ಣ ಬೇಡ, ಕೂದಲು ನಯವಾದರೆ ಸಾಕು ಎನ್ನುವವರಿಗೆ ಇದೇ ದಾರಿ. ಲಾಸೋನ್ ಅಂಟಿದ ಕೂದಲೆಳೆ ಒಂದಿಷ್ಟು ದಪ್ಪಗಾಗಿ, ಮೇಲಿನ ಹುರುಪೆಗಳು ಒತ್ತಾಗಿ ಕುಳಿತು ಹೊಳಪು ಬರುತ್ತದೆ; ಗುಂಗುರು ಸ್ವಲ್ಪ ಸಡಿಲವಾಗುತ್ತದೆ. ಆದರೆ ವಾರ ವಾರ ಹಚ್ಚಿದರೆ ಅದೇ ಕೂದಲು ಗಟ್ಟಿಯಾಗಿ ಹುಲ್ಲಾಗುತ್ತದೆ. ಹಾಗಾಗದಿರಲು ಮದರಂಗಿ ತೊಳೆದ ಮೇಲೆ ದಾಸವಾಳ ಸೊಪ್ಪಿನ ಗೊಂಪು ಹಾಕಿ ಮೀಯುವ ಹಳೆಯ ಕ್ರಮವನ್ನು ನಾನು ಪ್ರಬಲವಾಗಿ ಅನುಮೋದಿಸುತ್ತೇನೆ. ಆ ಲೋಳೆಯ ಮುಂದೆ ಬಾಟಲಿಯಲ್ಲಿ ಬರುವುದೆಲ್ಲ ಸಪ್ಪೆ.

ಮೂರನೆಯವರು ಕಬ್ಬಿಣದ ಬಾಣಲೆಯವರು. ಚಹಾ ಡಿಕಾಕ್ಷನ್ನಿನಲ್ಲಿ ಪುಡಿ ಕಲಸಿ ಕಬ್ಬಿಣದ ಬಾಣಲೆಯಲ್ಲಿ ರಾತ್ರಿಯಿಡೀ ಇಡುವುದು ಇವರ ವಿಧಿ. ಇದು ಅಜ್ಜಿಯರ ಮೂಢನಂಬಿಕೆ ಎಂದು ನಗುವವರಿದ್ದಾರೆ, ನಗು ನಿಲ್ಲಿಸಬೇಕು. ಚಹಾದಲ್ಲಿ ಒಗರಿದೆ, ನೆಲ್ಲಿಕಾಯಿ ಪುಡಿ ಸೇರಿಸಿದರೆ ಇನ್ನಷ್ಟು ಒಗರು. ಒಗರಿನ ಟ್ಯಾನಿನ್ನಿಗೆ ಕಬ್ಬಿಣ ಕೂಡಿದರೆ ಕಪ್ಪು ಹುಟ್ಟುತ್ತದೆ. ಅಳಲೆಕಾಯಿಗೆ ಅನ್ನಭೇದಿ ಸೇರಿಸಿ ಮಸಿ ಮಾಡಿಕೊಂಡು ಕಾಗದಪತ್ರ ಬರೆದ ನಾಡು ನಮ್ಮದು. ಅದೇ ಮಸಿಯನ್ನು ಅಜ್ಜಿ ತಲೆಗೆ ಹಚ್ಚಿಸುತ್ತಿದ್ದಾಳೆ. ಕಿತ್ತಳೆಯಾಗಬೇಕಾದ ತಲೆ ಇದರಿಂದ ಕಂದಿನ ಕಡೆಗೆ ವಾಲುತ್ತದೆ. ಕಪ್ಪಾಗುವುದಿಲ್ಲ, ವಾಲುತ್ತದೆ.

ನಾಲ್ಕನೆಯವರು ಎಲ್ಲ ಮತಗಳನ್ನೂ ಸಮನ್ವಯ ಮಾಡುವವರು: ಲಿಂಬೆ, ಮೊಸರು, ಮೊಟ್ಟೆ, ಕಾಫಿ, ಮೆಂತೆ, ಬೀಟ್‌ರೂಟ್, ಲವಂಗ. ಇವರಿಗೆ ಕೊನೆಯಲ್ಲಿ ಸಿಗುವುದು ಒಂದು ವಾಸನೆ.

ಎಲ್ಲ ಶಾಖೆಯವರೂ ಮರೆಯುವ ಒಂದು ಸಂಗತಿ ತೆಂಗಿನೆಣ್ಣೆ. ಈ ಕರಾವಳಿಯಲ್ಲಿ ಹುಟ್ಟಿದ ತಲೆಗೆ ಎಣ್ಣೆ ನಾಮಕರಣಕ್ಕಿಂತ ಮೊದಲೇ ಬಿದ್ದಿರುತ್ತದೆ. ಎಣ್ಣೆ ಇರುವ ಕೂದಲಿಗೆ ಬಣ್ಣ ಹಿಡಿಯದು. ಮೊದಲು ಸೀಗೆ ಅಥವಾ ಶಾಂಪೂ ಹಾಕಿ ಅದನ್ನು ತೆಗೆಯಬೇಕು. ಬಣ್ಣ ಹಿಡಿದ ಮೇಲೆ ಎಷ್ಟು ಬೇಕಾದರೂ ಸುರಿದುಕೊಳ್ಳಲಿ.

ಕಾಯುವವರ ವಿಭಾಗ ಸಣ್ಣದು. ತಲೆಗೆ ಮುದ್ದೆ ಮೆತ್ತಿ, ಬಾಳೆಲೆಯೋ ಪ್ಲಾಸ್ಟಿಕ್ಕೋ ಸುತ್ತಿ, ಮೂರು ಗಂಟೆ ಕಾಯುವವರಿದ್ದಾರೆ. ಅರ್ಧ ಗಂಟೆಯಲ್ಲಿ ತೊಳೆದು ಪುಡಿಯನ್ನು ಬೈಯುವವರಿದ್ದಾರೆ. ಮಲಗಿ ನಿದ್ದೆ ಹೋಗಿ ದಿಂಬಿಗೆ ಬಣ್ಣ ಹಾಕಿದವರೂ ಇದ್ದಾರೆ. ತೊಳೆದ ದಿನ ಕಾಣುವ ಬಣ್ಣ ಕೊನೆಯದಲ್ಲ. ಗಾಳಿ ತಾಗಿ ಎರಡು ದಿನದಲ್ಲಿ ಅದು ಗಾಢವಾಗುತ್ತದೆ. ಆದ್ದರಿಂದ ಅನಂತೇಶ್ವರ ದೇವಸ್ಥಾನದ ಷಷ್ಠಿಗೆ ಹಚ್ಚುವವರು ಚೌತಿಯಂದೇ ಹಚ್ಚಬೇಕು, ಪಂಚಮಿಯ ರಾತ್ರಿಯಲ್ಲ.

ಈಗ ಫಲವಿಭಾಗ. ಕಪ್ಪು ಕೂದಲಿಗೆ ಹಚ್ಚಿದರೆ ಏನೂ ಆದಂತೆ ಕಾಣದು. ಬಿಸಿಲಿಗೆ ನಿಂತಾಗ ಮಾತ್ರ ಒಂದು ಕೆಂಪು ಮಿಂಚು. ಮದರಂಗಿಗೆ ಇರುವುದು ಸೇರಿಸುವ ಶಕ್ತಿ, ತೆಗೆಯುವ ಶಕ್ತಿ ಇಲ್ಲ. ಕಾಲೇಜಿನ ಮಕ್ಕಳು ಈ ಮಿಂಚಿಗಾಗಿಯೇ ಮಧ್ಯಾಹ್ನದ ಬಿಸಿಲಿನಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುವುದನ್ನು ಕಣ್ವತೀರ್ಥದ ಕಡಲತೀರದಲ್ಲಿ ನೋಡಬಹುದು. ಬಿಳಿಕಪ್ಪು ಬೆರೆತ ತಲೆಯಲ್ಲಿ ಬಿಳಿಯ ಎಳೆಗಳು ಮಾತ್ರ ತಾಮ್ರವಾಗಿ, ನಗರದ ಸಲೂನುಗಳಲ್ಲಿ ಸಾವಿರಾರು ರೂಪಾಯಿ ಕೊಟ್ಟು ಮಾಡಿಸಿಕೊಳ್ಳುವ ಗೆರೆಗಳು ಪುಕ್ಕಟೆ ಮೂಡುತ್ತವೆ. ಪೂರ್ತಿ ಬಿಳಿಯಾದ ಕೂದಲಿಗೆ ಹಚ್ಚಿದಾಗಲೇ ಮದರಂಗಿಯ ನಿಜರೂಪ. ಉದ್ಯಾವರದ ಸಾವಿರ ಜಮಾಅತ್ ಮಸೀದಿಯಿಂದ ಶುಕ್ರವಾರದ ನಮಾಜು ಮುಗಿಸಿ ಹೊರಗೆ ಬರುವ ಕೆಲವು ಹಿರಿಯರ ಗಡ್ಡದಲ್ಲಿ ಅದು ಉಜ್ವಲವಾಗಿ ಕಾಣುತ್ತದೆ. ನರೆಯನ್ನು ಬದಲಿಸಲು ಮದರಂಗಿ ಒಳ್ಳೆಯದೆಂದೂ, ಕಡುಗಪ್ಪನ್ನು ಬಿಡಬೇಕೆಂದೂ ಪ್ರವಾದಿವಚನಗಳ ಸಂಗ್ರಹಗಳಲ್ಲಿ ಇದೆ. ಬಣ್ಣ ಹಾಕುವವರ ಪೈಕಿ ವಯಸ್ಸನ್ನು ಮುಚ್ಚಿಡದೆ ಅಲಂಕರಿಸುವವರು ಇವರೇ; ಈ ಶಾಸ್ತ್ರದಲ್ಲಿ ಇವರಿಗೆ ಅಗ್ರಪೂಜೆ.

ಕಪ್ಪೇ ಬೇಕು ಎನ್ನುವವರಿಗೆ ಗಿಡದ ದಾರಿಯೂ ಒಂದಿದೆ, ತಾಳ್ಮೆ ಬೇಕು. ಮೊದಲ ದಿನ ಮದರಂಗಿ, ತೊಳೆದ ಮೇಲೆ ನೀಲಿ ಎಲೆಯ ಪುಡಿ. ಗಾಂಧೀಜಿ 1917ರಲ್ಲಿ ಚಂಪಾರಣಕ್ಕೆ ಹೋದದ್ದು ಯಾವ ನೀಲಿಯ ಬೆಳೆಗಾರರ ಕಷ್ಟ ಕೇಳಲಿಕ್ಕೋ ಅದೇ ನೀಲಿ. ಇದಕ್ಕೆ ಹುಳಿ ತೋರಿಸಬಾರದು. ಬರೀ ನೀರಿನಲ್ಲಿ ಕಲಸಿ ಕಾಲು ಗಂಟೆಯೊಳಗೆ ಹಚ್ಚಬೇಕು. ಕೆಂಪಿನ ಮೇಲೆ ನೀಲಿ ಕುಳಿತು ಕಪ್ಪೆನಿಸುತ್ತದೆ. ತೊಳೆದ ಕೂಡಲೇ ತಲೆಗೆ ಒಂದು ಹಸಿರು ಛಾಯೆ ಬಂದು ಮನೆಯವರು ಗಾಬರಿಯಾಗುವುದುಂಟು, ಮರುದಿನಕ್ಕೆ ಇಳಿಯುತ್ತದೆ. ಯಾವಾಗ ಈ ಸಾಹಸಕ್ಕೆ ಇಳಿಯಬೇಕು, ಎಷ್ಟು ಬಿಳಿ ಬಂದ ಮೇಲೆ ಎಂಬ ಪ್ರಶ್ನೆಗೆ ಬೇರೆ ಊರಿನವರು ಬಹುಮತದ ಮಾತಾಡುತ್ತಾರೆ. 2016ರ ವಿಧಾನಸಭಾ ಚುನಾವಣೆಯಲ್ಲಿ 89 ಮತಗಳ ಅಂತರದಿಂದ ಫಲಿತಾಂಶ ಕಂಡ ಕ್ಷೇತ್ರ ನಮ್ಮದು. ಇಲ್ಲಿ ಬಿಳಿ ಕೂದಲು 90 ಆಗುವವರೆಗೆ ಯಾರೂ ಕಾಯುವುದಿಲ್ಲ.

ಕಾಯಲೇ ಒಲ್ಲದವರಿಗಾಗಿ ಹುಟ್ಟಿದ್ದು 'ಕಪ್ಪು ಮೆಹಂದಿ'. ಹತ್ತಿಪ್ಪತ್ತು ನಿಮಿಷದಲ್ಲಿ ಕಾಗೆಗಪ್ಪು ಎಂದು ಪ್ಯಾಕೆಟಿನ ಮೇಲೆ ಬರೆದಿದ್ದರೆ, ಮೇಲೆ ಎಲೆಯ ಚಿತ್ರ ಎಷ್ಟೇ ಹಸಿರಾಗಿರಲಿ, ಒಳಗಿನ ಕೆಲಸ ಎಲೆಯದ್ದಲ್ಲ. ಅದು ಸಾಮಾನ್ಯವಾಗಿ ಪ್ಯಾರಾ-ಫಿನೈಲೀನ್‌ಡೈಅಮೀನ್‌ನ ಕೆಲಸ. 1863ರಲ್ಲಿ ಹಾಫ್‌ಮನ್ ಎಂಬ ಜರ್ಮನ್ ರಸಾಯನಶಾಸ್ತ್ರಜ್ಞ ವಿವರಿಸಿದ ವಸ್ತು ಇದು. ಸ್ವತಃ ಬಣ್ಣವಿಲ್ಲ, ಆಮ್ಲಜನಕ ತಾಗಿದಾಗ ಕೂದಲೊಳಗೆ ಕಪ್ಪಾಗುತ್ತದೆ. ಹೆಚ್ಚಿನವರಿಗೆ ಏನೂ ಆಗುವುದಿಲ್ಲ. ಒಗ್ಗದವರಿಗೆ ಮಾತ್ರ ನೆತ್ತಿ ಉರಿದು, ಕಿವಿ ಸೋರಿ, ಮರುದಿನ ಬೆಳಿಗ್ಗೆ ರೆಪ್ಪೆಗಳು ಊದಿ ಕಣ್ಣು ಮುಚ್ಚಿ, ಯಕ್ಷಗಾನದ ಚೌಕಿಗೆ ಹೋಗದೆಯೇ ಬಣ್ಣದ ವೇಷ ಸಿದ್ಧವಾಗುತ್ತದೆ. ಒಮ್ಮೆ ಒಗ್ಗದೆ ಹೋದರೆ ಸಾಧಾರಣವಾಗಿ ಜನ್ಮವಿಡೀ ಒಗ್ಗದು, ಮುಂದಿನ ಸಲ ಇನ್ನೂ ಜೋರು. ಮೊಣಕೈಯ ಒಳಬದಿಗೆ ಒಂದಿಷ್ಟು ಹಚ್ಚಿ ಎರಡು ದಿನ ನೋಡಬೇಕೆಂದು ಪ್ಯಾಕೆಟಿನಲ್ಲಿಯೇ ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ. ಆದರೆ ಎರಡು ದಿನ ಕಾಯುವ ಸಹನೆ ಇದ್ದವರು ಹತ್ತು ನಿಮಿಷದ ಪ್ಯಾಕೆಟ್ ಯಾಕೆ ಕೊಳ್ಳುತ್ತಾರೆ? ಶುದ್ಧ ಮದರಂಗಿಗೂ ಒಂದು ಅಪವಾದವಿದೆ ಎಂದು ಹೇಳದಿದ್ದರೆ ಶಾಸ್ತ್ರಲೋಪವಾದೀತು: ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವವರಲ್ಲಿ, ಮುಖ್ಯವಾಗಿ ಎಳೆಮಕ್ಕಳಲ್ಲಿ, ಇದು ಕೆಂಪು ರಕ್ತಕಣಗಳನ್ನು ಒಡೆಯಬಲ್ಲದು. ಶಿಶುಗಳ ಅಂಗಾಲಿಗೆ ಚಂದಕ್ಕೆಂದು ಹಚ್ಚುವ ಕ್ರಮವನ್ನು ಬಿಡುವುದೇ ಲೇಸು.

ಬಣ್ಣ ಹಾಕಿದ ತಲೆಯ ಕಾಲನಿರ್ಣಯ ಸುಲಭ. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಬೈತಲೆಯ ಬಿಳಿ ಗೆರೆಯ ಅಗಲವನ್ನು ಅಳೆದರೆ ಕೊನೆಯ ಮದರಂಗಿಯ ತಿಂಗಳು ಸಿಗುತ್ತದೆ; ಶಾಸನಕ್ಕಿಂತ ಇದು ನಂಬಿಗಸ್ತ, ಏಕೆಂದರೆ ಇದನ್ನು ಯಾವ ರಾಜನೂ ಬರೆಸಿಲ್ಲ. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಬಂತು. ತಲಪಾಡಿಯಲ್ಲಿ ಗಡಿ ಮುಚ್ಚಿದರು, ಒಳರಸ್ತೆಗಳಿಗೆ ಮಣ್ಣು ಸುರಿದರು, ಕ್ಷೌರದಂಗಡಿಗಳಿಗೆ ಬೀಗ ಬಿತ್ತು. ಮಂಗಳೂರಿನ ಪುಡಿ ಇತ್ತ ಬರಲಿಲ್ಲ. ಬೇಸಗೆ ಮುಗಿಯುವಷ್ಟರಲ್ಲಿ ಊರಿನ ಗಣ್ಯರ ತಲೆಗಳಲ್ಲಿ ಎರಡು ಬೆರಳಗಲದ ಸತ್ಯ ಪ್ರಕಟವಾಯಿತು. ಬೇಲಿಯಲ್ಲಿ ಗಿಡ ಉಳಿಸಿಕೊಂಡಿದ್ದ ಮನೆಗಳಿಗೆ ಆ ಎರಡು ತಿಂಗಳು ಇದ್ದ ಮರ್ಯಾದೆ ಆಮೇಲೆ ಕಾಣಲಿಲ್ಲ.

ಕೊನೆಗೆ ಉಳಿದದ್ದು ಎಲ್ಲಕ್ಕಿಂತ ದೊಡ್ಡ ವರ್ಗ, ನಿರಾಕರಣವಾದಿಗಳು. 'ಬಣ್ಣಕ್ಕಲ್ಲ ಮಾರಾಯ, ತಂಪಿಗೆ' ಎಂಬುದು ಇವರ ಮಹಾವಾಕ್ಯ. ಇದಕ್ಕೆ ಆಧಾರವಿಲ್ಲದೆ ಇಲ್ಲ. ಸುಶ್ರುತಸಂಹಿತೆಯ ನಿದಾನಸ್ಥಾನದಲ್ಲಿ ಕೋಪ, ಶೋಕ, ಶ್ರಮಗಳಿಂದ ಹುಟ್ಟಿದ ಉಷ್ಣ ಪಿತ್ತದೊಡನೆ ತಲೆಗೇರಿ ಕೂದಲನ್ನು ಬೇಯಿಸಿ ನರೆ ತರುತ್ತದೆಂದು ಹೇಳಿದೆ. ನರೆಯನ್ನು ಅಲ್ಲಿ ಕ್ಷುದ್ರರೋಗಗಳ ಪಟ್ಟಿಗೆ ಸೇರಿಸಿದ್ದಾರೆ, ಬರೆದವರಿಗೆ ಆಗ ನರೆ ಬಂದಿರಲಿಲ್ಲವೆಂದು ನನ್ನ ಊಹೆ. ಉಷ್ಣಕ್ಕೆ ತಂಪು ಮದ್ದು, ಮದರಂಗಿ ತಂಪು, ಆದ್ದರಿಂದ ಹಚ್ಚಿದ್ದೇನೆ, ಬಣ್ಣ ಬಂದದ್ದು ಆಕಸ್ಮಿಕ ಎಂಬುದು ಇವರ ಅನುಮಾನವಾಕ್ಯ. ಹೇತುವಿನಲ್ಲಿ ದೋಷ ಹುಡುಕುವುದು ಕಷ್ಟ. ಆದರೆ ತಂಪಿಗೆ ಹಚ್ಚುವವರು ಮದುವೆಯ ಹಿಂದಿನ ವಾರವೇ ಯಾಕೆ ಉಷ್ಣಗೊಳ್ಳುತ್ತಾರೆ ಎಂಬುದಕ್ಕೆ ಸುಶ್ರುತನಲ್ಲಿ ಉತ್ತರವಿಲ್ಲ.

ಈ ವರ್ಗದಲ್ಲಿ ನಿಜ ಹೇಳಿದವರು ನಮ್ಮ ವಠಾರದ ಒಬ್ಬರು ಮಾತ್ರ. ಅವರ ತಲೆಯಲ್ಲಿ ಕಿವಿಯ ಮೇಲಿನ ಎರಡು ಪಟ್ಟಿ ಬಿಟ್ಟರೆ ಕೂದಲಿಲ್ಲ. ವೈಶಾಖದ ಸೆಕೆ ತಡೆಯದೆ ನೆತ್ತಿಗೆ ಪೂರ್ತಿ ಮದರಂಗಿ ಮೆತ್ತಿಕೊಂಡು ಜಗಲಿಯಲ್ಲಿ ಕುಳಿತರು. ಕೆರಟಿನ್ ಕೂದಲಿನಲ್ಲಿ ಮಾತ್ರವಲ್ಲ, ಚರ್ಮದ ಮೇಲ್ಪದರದಲ್ಲಿಯೂ ಇದೆ. ಅಂಗೈಗೆ ಬಣ್ಣ ಹಿಡಿಯುವುದು ಅದರಿಂದಲೇ. ಅಂಗೈಯಷ್ಟು ದಪ್ಪ ಪದರ ನೆತ್ತಿಯಲ್ಲಿ ಇಲ್ಲದ ಕಾರಣ ಗಾಢವಾಗಿ ಬರಲಿಲ್ಲ, ಒಳ್ಳೆ ಹದವಾದ ಕಿತ್ತಳೆ ಬಂತು. ಚರ್ಮ ಹೊರಪದರ ಕಳಚಿಕೊಳ್ಳುವವರೆಗೆ ಹೋಗುವಂಥದಲ್ಲ ಅದು. ಅಷ್ಟರಲ್ಲಿ ಕುಂಜತ್ತೂರಿನಲ್ಲಿ ತಂಗಿಯ ಮಗಳ ಮದುವೆ. ಊಟದ ಪಂಕ್ತಿಯಲ್ಲಿ ಕಂಡವರೆಲ್ಲ ಒಬ್ಬರ ಹಿಂದೆ ಒಬ್ಬರು ಕೇಳಿದರು. ಅವರು ಎಲ್ಲರಿಗೂ, ತುಳುವಿನಲ್ಲಿ ಕೇಳಿದವರಿಗೆ ತುಳುವಿನಲ್ಲಿ, ಮಲಯಾಳದಲ್ಲಿ ಕೇಳಿದವರಿಗೆ ಮಲಯಾಳದಲ್ಲಿ, 'ಬಣ್ಣಕ್ಕಲ್ಲ, ತಂಪಿಗೆ' ಎಂದೇ ಹೇಳಿದರು. ಪಾಯಸ ಬಡಿಸುವವರವರೆಗೆ ಒಬ್ಬರೂ ನಂಬಲಿಲ್ಲ.